ಕೆಂಪು ಶಾಯಿಯಲ್ಲಿ ಬರೆದ ಉತ್ತರ

ಆ ಶುಕ್ರವಾರ ನಾನು ಮಾಡಿದ ಕೆಲಸಗಳು ಇಷ್ಟು. ಐದೂವರೆಗೆ ನಲ್ಲಿ ಬಂತು, ಎರಡು ಡ್ರಮ್ಮು ತುಂಬಿಸಿದೆ. ಯಜಮಾನರ ಡಬ್ಬಿಗೆ ಚಿತ್ರಾನ್ನ ಕಲಸಿದೆ. ಉಪವಾಸದ ದಿನವಾದ್ದರಿಂದ ನಾನು ಒಂದು ಲೋಟ ಬಿಸಿನೀರು ಕುಡಿದೆ. ಎಂಟಕ್ಕೆ ಸಭೆಯ ಹಾಲಿನ ಬೀಗ ತೆಗೆದು, ಗುಡಿಸಿ, ಹನ್ನೊಂದು ಚಾಪೆ ಹಾಸಿದೆ. ಮನವಿ ಪೆಟ್ಟಿಗೆಯ ಚೀಟಿಗಳನ್ನು ರಿಜಿಸ್ಟರಿಗೆ ಏರಿಸಿದೆ. ಕಾರ್ಬನ್ ಇಟ್ಟು ಪ್ರಾರ್ಥನೆಯ ಪಟ್ಟಿಯನ್ನು ನಾಲ್ಕು ಪ್ರತಿ ಮಾಡಿದೆ. ಪ್ರಾರ್ಥನೆ ಮುಗಿದ ಮೇಲೆ ಚಾಪೆ ಸುತ್ತಿಟ್ಟು, ಹೂಜಿ ತೊಳೆದೆ. ಕೊನೆಗೆ ರಿಜಿಸ್ಟರಿನ ನೂರ ಎಂಬತ್ತೇಳನೇ ಸಂಖ್ಯೆಯ ಮುಂದೆ ಕೆಂಪು ಶಾಯಿಯಲ್ಲಿ ‘ಉತ್ತರ ಸಿಕ್ಕಿತು’ ಎಂದು ಬರೆದು ನನ್ನ ಸಣ್ಣ ಸಹಿ ಹಾಕಿದೆ. ಉಳಿದ ಕೆಲಸಗಳನ್ನೆಲ್ಲ ಆ ದಿನ ಸರಿಯಾಗಿಯೇ ಮಾಡಿದ್ದೆ.

ತೊಂಬತ್ತರ ದಶಕದ ಕೊನೆಯ ಮಾತು ಇದು. ನಮ್ಮ ಸಭೆ ಲಷ್ಕರ್ ಮೊಹಲ್ಲಾದಲ್ಲಿ, ಪಾತ್ರೆ ಅಂಗಡಿಯೊಂದರ ಮೇಲಿನ ಬಾಡಿಗೆ ಹಾಲಿನಲ್ಲಿ ಸೇರುತ್ತಿತ್ತು. ದೊಡ್ಡ ಚರ್ಚುಗಳಂತೆ ನಮಗೆ ಗಂಟೆ, ಗೋಪುರ ಇರಲಿಲ್ಲ. ಇಪ್ಪತ್ತೆರಡು ಮೆಟ್ಟಿಲು, ಒಂದು ಕೀಬೋರ್ಡು, ಒಂದು ಮೈಕು, ಮತ್ತು ಆ ರಿಜಿಸ್ಟರು. ಅದನ್ನು ಬರೆಯುವುದೇ ನನ್ನ ಕೆಲಸ.

ರಿಜಿಸ್ಟರಿಗೆ ಐದು ಕಾಲಂ ಇದ್ದವು. ಸಂಖ್ಯೆ, ಹೆಸರು, ಮನವಿ, ತಾರೀಖು, ಉತ್ತರ. ಸ್ಕೇಲು ಇಟ್ಟು ನಾನೇ ಗೆರೆ ಎಳೆಯುತ್ತಿದ್ದೆ. ಪ್ರತಿ ವರ್ಷ ಸಂಖ್ಯೆ ಮತ್ತೆ ಒಂದರಿಂದ ಶುರುವಾಗುತ್ತಿತ್ತು. ಚೀಟಿ ಬರೆಯಲು ಬಾರದವರು ಹೇಳಿದ್ದನ್ನು ನಾನು ಬರೆದುಕೊಂಡು, ಅವರಿಗೇ ಓದಿ ಹೇಳಿ, ಹೌದು ಎಂದ ಮೇಲೆ ಏರಿಸುತ್ತಿದ್ದೆ. ಏರಿಸಿದ ಚೀಟಿಯನ್ನು ಕಿಟಕಿಯ ತಂತಿಗೆ ಚುಚ್ಚುತ್ತಿದ್ದೆ. ಶುಕ್ರವಾರ ಒಂಬತ್ತಕ್ಕೆ ಉಪವಾಸ ಪ್ರಾರ್ಥನೆ ಶುರುವಾದಾಗ ಮುಂದೆ ನಿಂತು ಪಟ್ಟಿಯನ್ನು ಗಟ್ಟಿಯಾಗಿ ಓದುವವಳೂ ನಾನೇ. ಆಮೇಲೆ ಜನ ನಾಲ್ಕು ಗುಂಪಾಗಿ ಕೂರುತ್ತಿದ್ದರು. ಪ್ರತಿ ಗುಂಪಿಗೆ ಒಂದು ಕಾರ್ಬನ್ ಪ್ರತಿ. ಹೆಸರು ಹಿಡಿದು ಪ್ರಾರ್ಥಿಸಬೇಕು, ಒಂದನ್ನೂ ಬಿಡುವಂತಿಲ್ಲ.

ಉತ್ತರ ಸಿಕ್ಕವರ ಹೆಸರು ಮುಂದಿನ ವಾರದ ಪಟ್ಟಿಯಿಂದ ಬಿದ್ದುಹೋಗುತ್ತಿತ್ತು. ಅದಕ್ಕೊಂದು ಕಟ್ಟುನಿಟ್ಟು ಇತ್ತು. ಐದನೆಯ ಕಾಲಮ್ಮಿನಲ್ಲಿ ಕೆಂಪು ಬಿದ್ದ ಮೇಲೆ ಅದೇ ಮನವಿಯನ್ನು ಮತ್ತೆ ಬರೆಯುವಂತಿಲ್ಲ. ಕೊಟ್ಟದ್ದನ್ನು ಮತ್ತೆ ಕೇಳುವುದು ಅಪನಂಬಿಕೆ ಎಂದು ನಮ್ಮ ಪಾಸ್ಟರ್ ಅಯ್ಯನವರು ಕಲಿಸಿದ್ದರು. ನಾನದನ್ನು ಒಪ್ಪಿದ್ದೆ. ಸಾವಿರಾರು ಸಲ ಚೀಟಿ ಏರಿಸಿದವಳಿಗೆ, ಒಂದು ಸಾಲು ಮುಗಿಯಿತು ಎಂದು ಬರೆಯುವುದರಲ್ಲಿ ಒಂದು ನೆಮ್ಮದಿ ಇರುತ್ತದೆ.

ನೂರ ಎಂಬತ್ತೇಳನೇ ಸಂಖ್ಯೆ ಒಬ್ಬ ಹೊಲಿಗೆಯವಳದು. ಮೂವತ್ತರ ಒಳಗಿನ ವಯಸ್ಸು, ಒಬ್ಬಳೇ ಮಗಳು, ಎರಡನೇ ಕ್ಲಾಸು. ತವರು ಇಲವಾಲ. ಮೂರ್ಛೆರೋಗ ಇದೆ ಎಂದು ಗೊತ್ತಾದ ವರ್ಷ ಗಂಡ ಬಿಟ್ಟು ಹೋದ. ಮೊಹಲ್ಲಾದ ಒಂದು ಓಣಿಯಲ್ಲಿ ಒಂದೇ ಕೋಣೆ ಹಿಡಿದು, ರವಿಕೆ ಹೊಲಿದು ಬದುಕುತ್ತಿದ್ದಳು. ದೊಡ್ಡಾಸ್ಪತ್ರೆಯಲ್ಲಿ ಕೊಡುತ್ತಿದ್ದ ಮಾತ್ರೆಯನ್ನು ದಿನಾ ನುಂಗುತ್ತಿದ್ದಳು. ಅವಳ ಚೀಟಿಯನ್ನು ನಾನೇ ಬರೆದದ್ದು. ‘ಫಿಟ್ಸ್ ಹೋಗಬೇಕು. ಮಗಳ ಎದುರಿಗೆ ಬೀಳಬಾರದು.’

ಅಯ್ಯನವರು ಅವಳ ಹಣೆಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿದರು. ಅವರು ಕಪಟಿಯಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರಾರ್ಥಿಸುವಾಗ ಅವರ ಅಂಗಿ ಬೆವರಿಗೆ ಒದ್ದೆಯಾಗುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು. ಮೂರು ತಿಂಗಳಾದ ಮೇಲೆ ಆ ಶುಕ್ರವಾರ ಎಲ್ಲರ ಮುಂದೆ ಕೇಳಿದರು.

“ಬಂತೇನಮ್ಮ, ಮತ್ತೆ?”

“ಇಲ್ಲ ಅಯ್ಯನೋರೆ.”

“ಒಂದು ಸಲಾನೂ?”

“ಒಂದ್ಸಲಾನೂ ಬರ್ಲಿಲ್ಲ.”

ಸಭೆಯೆಲ್ಲ ಸ್ತೋತ್ರ ಎಂದಿತು. ಅಯ್ಯನವರು ನನ್ನ ಕಡೆ ತಿರುಗಿ ತಲೆಯಾಡಿಸಿದರು. ಮಾತ್ರೆಯ ವಿಷಯ ಅವರು ಕೇಳಲಿಲ್ಲ, ಅವಳು ಹೇಳಲಿಲ್ಲ. ನನಗೆ ಗೊತ್ತಿತ್ತು, ನಾನೂ ಹೇಳಲಿಲ್ಲ.

ಎಲ್ಲರೂ ಇಳಿದುಹೋದ ಮೇಲೆ ನಾನು ಕೆಂಪು ಪೆನ್ನಿನಿಂದ ಬರೆಯುತ್ತಿದ್ದಾಗ ಅವಳು ಮೇಜಿನ ಪಕ್ಕಕ್ಕೆ ಬಂದು ನಿಂತಳು.

“ಅಕ್ಕ, ಇನ್ನು ಮಾತ್ರೆ ನುಂಗ್ಲಾ, ಬ್ಯಾಡ್ವಾ?”

ನಾನು ಶಾಯಿ ಒಣಗಲೆಂದು ಊದುತ್ತಿದ್ದೆ. ತಲೆ ಎತ್ತದೆ, “ಉತ್ತರ ಬರೆದಾಯ್ತಲ್ಲ ಕಣಮ್ಮ, ಇನ್ನೇನು” ಅಂದೆ.

ಅಷ್ಟೇ ಅಂದದ್ದು. ಅವಳು ಮಾತ್ರೆ ಬಿಟ್ಟಳು.

ಐದು ವಾರ ಕಳೆದ ಮೇಲೆ ರವಿಕೆಯ ಅಳತೆ ಕೊಡಲು ಅವಳ ಕೋಣೆಗೆ ಹೋದೆ. ಬಲಗೈಯ ತೋರುಬೆರಳಿಗೆ ಬಟ್ಟೆ ಸುತ್ತಿತ್ತು. ಏನೆಂದು ಕೇಳಿದರೆ ಮಿಷನ್ನಿನ ಸೂಜಿ ಉಗುರಿಗೆ ಹೋಯಿತು ಎಂದಳು. ಹನ್ನೆರಡು ವರ್ಷದಿಂದ ಹೊಲಿಯುವವಳ ಬೆರಳಿಗೆ ಸೂಜಿ ಹೋಗುವುದಿಲ್ಲ. ನಾನು ಅವಳ ಮುಖ ನೋಡಿದೆ.

“ಮೂರು ಸಲ ಬಂತು ಅಕ್ಕ,” ಅಂದಳು. “ಒಂದ್ಸಲ ಮಗೀನೆದುರ್ಗೇ. ಯಾರ್ಗೂ ಏಳ್ಬೇಡಿ.”

“ಮಾತ್ರೆ ಎಲ್ಲಿ?”

“ಎಸ್ದ್ಬುಟ್ಟೆ.”

“ನಾಳೆ ಬೆಳಗ್ಗೆ ನನ್ನ ಜೊತೆ ಆಸ್ಪತ್ರೆಗೆ ನಡಿ.”

ಅವಳು ಒಪ್ಪಲಿಲ್ಲ. ಮಾತ್ರೆ ನುಂಗಿದರೆ ಉತ್ತರವನ್ನು ವಾಪಸ್ಸು ಕೊಟ್ಟ ಹಾಗೆ, ದೇವರು ಕೊಟ್ಟದ್ದನ್ನು ಬೀದಿಗೆ ಚೆಲ್ಲಿದ ಹಾಗೆ ಎಂದು ಅವಳ ಹೆದರಿಕೆ. ಅದನ್ನು ಕಲಿಸಿದವರು ನಾವೇ. ಕೊನೆಗೆ ಒಂದು ಮಾತು ಹೇಳಿದಳು.

“ನೀವು ಮೊದ್ಲು ನನ್ನ ಎಸ್ರು ತಿರ್ಗಾ ಬರೀರಿ ಅಕ್ಕ. ಸಭೇಲಿ ಎಲ್ರೂ ನಂಗೋಸ್ಕರ ಪ್ರಾರ್ಥ್ನೆ ಮಾಡ್ಲಿ. ಇನ್ನೂ ವಾಸಿ ಆಗಿಲ್ಲ ಅಂತ ದೇವ್ರ ಮುಂದೆ ಒಪ್ಕೊಂಡಂಗಾಗ್ತದೆ. ಆಮೇಲೆ ಮಾತ್ರೆ ನುಂಗ್ತೀನಿ. ಕದ್ದು ಮಾತ್ರ ನುಂಗಕ್ಕಿಲ್ಲ.”

ಹೀಗೆ ಅವಳ ಮಾತ್ರೆ ನನ್ನ ರಿಜಿಸ್ಟರಿನ ಒಳಗೆ ಸಿಕ್ಕಿಕೊಂಡಿತು.

ಮಾರನೆಯ ದಿನವೇ ಅಯ್ಯನವರ ಬಳಿ ಹೋದೆ. ಅವರು ಮೈಕಿನ ವೈರು ಸುತ್ತುತ್ತಿದ್ದರು. ಎಲ್ಲವನ್ನೂ ಹೇಳಿದೆ, ಮಾತ್ರೆಯ ವಿಷಯವನ್ನೂ. ಅವರು ವೈರು ಕೆಳಗಿಟ್ಟರು.

“ಅಮ್ಮ, ನೀವು ಎಷ್ಟು ವರ್ಷದಿಂದ ಬರೀತಿದೀರಿ?”

“ಒಂಬತ್ತು ವರ್ಷ ಅಯ್ಯನವರೇ.”

“ಒಂದಾದರೂ ಉತ್ತರ ಹೊಡೆದುಹಾಕಿದೀವಾ?”

“ಇಲ್ಲ.”

“ಇವತ್ತು ಒಂದು ಹೊಡೆದರೆ, ನಾಳೆ ಜನ ಯಾವುದನ್ನ ನಂಬುತಾರೆ? ಉಳಿದದ್ದೆಲ್ಲ ನಿಜ ಅಂತ ಯಾರು ಹೇಳಬೇಕು?”

ಅದು ಅವರು ಹೇಳಿದ ನಿಜವಾದ ಕಾರಣ. ಆಮೇಲೆ ಹೇಳಿದ್ದು ಬೇರೆ. “ಉತ್ತರ ಸಿಕ್ಕಿದ್ದು ಸುಳ್ಳಲ್ಲ. ಅವಳು ಏನೋ ಮುಚ್ಚಿಟ್ಟಿದಾಳೆ, ಅದಕ್ಕೇ ತಿರುಗಿ ಬಂದಿದೆ. ಒಪ್ಪಿಕೊಳ್ಳಲಿ, ಹೋಗುತ್ತೆ.”

ಸಭೆಯ ಹಿರಿಯರ ಪೈಕಿ ಇಬ್ಬರ ಹೆಂಡತಿಯರು ಅವಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಒಂದು ಮಧ್ಯಾಹ್ನವಿಡೀ ವಿಚಾರಿಸಿದರು. ಅವರು ಹೋದ ಮೇಲೆ ನಾನು ಹೋದೆ. ಅವಳು ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದಳು.

“ಏನು ಕೇಳಿದರು?”

“ಏನೇನ್ ಪಾಪ ಮಾಡಿದೀಯಾ ಅಂದ್ರು. ತವರ್ನಾಗೆ ದೀಪಕ್ಕೆ ಎಣ್ಣೆ ಉಯ್ದಿದ್ದು ಏಳ್ದೆ. ಟೆಂಟಲ್ಲಿ ಸಿನ್ಮಾ ನೋಡಿದ್ದು ಏಳ್ದೆ. ಇನ್ನೂ ಐತೆ, ಇನ್ನೂ ಐತೆ ಅಂದ್ರು. ಒಂದು ಕಟ್ಟಿ ಏಳ್ದೆ ಅಕ್ಕ.”

“ಕಟ್ಟಿ ಹೇಳಿದೆಯಾ?”

“ಪಕ್ಕದ್ಮನೆ ಕೋಳಿಮೊಟ್ಟೆ ಕದ್ದೆ ಅಂದೆ. ಎದ್ದು ಓಗ್ಲಿ ಅಂತ. ಆ ಮನೇಲಿ ಕೋಳೀನೇ ಇಲ್ಲ.” ಅವಳು ನಕ್ಕಳು. ನನಗೂ ನಗು ಬಂತು. ಇಬ್ಬರೂ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕೆವು. ಆಮೇಲೆ ಅವಳು ಅತ್ತಳು.

ಪಾಪ ಒಪ್ಪಿಕೊಂಡ ವಾರವೂ ಫಿಟ್ಸ್ ಬಂತು.

ನಾನು ಅಡ್ಡದಾರಿ ಹುಡುಕತೊಡಗಿದೆ. ಒಂದು ಶುಕ್ರವಾರ ‘ಒಬ್ಬ ಸಹೋದರಿಯ ದೇಹಾರೋಗ್ಯ’ ಎಂದು ಹೆಸರಿಲ್ಲದೆ ಹೊಸ ಸಂಖ್ಯೆ ಕೊಟ್ಟು ಬರೆದೆ. ಚೀಟಿ ಇಲ್ಲದ ಸಂಖ್ಯೆ ಯಾವುದೆಂದು ಅಯ್ಯನವರು ತಂತಿಯ ಚೀಟಿಗಳನ್ನು ಎಣಿಸಿ ಕಂಡುಹಿಡಿದರು. ಮುಂದಿನ ವಾರ ಮಗಳ ಹೆಸರಿನಲ್ಲಿ, ‘ತಾಯಿಯ ನೆಮ್ಮದಿ’ ಎಂದು ಬರೆದೆ. ಅದನ್ನು ನಾಲ್ಕು ಪ್ರತಿಗಳಲ್ಲೂ ಅವರೇ ಪೆನ್ಸಿಲ್ಲಿನಿಂದ ಹೊಡೆದರು. ನನ್ನನ್ನು ಬೈಯಲಿಲ್ಲ. “ನಿಮ್ಮ ಕೈ ಬರವಣಿಗೆ ಮೇಲೆ ನನಗೆ ನಂಬಿಕೆ ಇತ್ತಮ್ಮ” ಎಂದಷ್ಟೇ ಹೇಳಿದರು. ಬೈದಿದ್ದರೆ ವಾಸಿಯಿತ್ತು.

ಯಜಮಾನರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಊಟಕ್ಕೆ ಕೂತಾಗ ಹೇಳಿದೆ. ಅವರು ಅನ್ನಕ್ಕೆ ಸಾರು ಕಲಸುತ್ತಲೇ, “ಅಲ್ಲ ಕಣೇ, ಕ್ಲೋಸ್ ಆದ ಫೈಲನ್ನ ತಿರುಗಿ ಓಪನ್ ಮಾಡೋದು ನಮ್ಮ ಆಫೀಸಲ್ಲೇ ಇದೆ. ದೇವರ ಆಫೀಸಲ್ಲಿ ಇಲ್ವಾ?” ಅಂದರು. ನನಗೆ ಸಿಟ್ಟು ಬಂತು. ತಟ್ಟೆ ತೊಳೆಯುವಾಗ ಯೋಚಿಸಿದರೆ, ಅವರು ಕೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ.

ಅದೇ ವಾರ ಹಳೆಯ ಪುಟಗಳನ್ನು ತಿರುವಿ ನೋಡಿದೆ. ಬರೆದ ಮೇಲೆ ಅವನ್ನು ಓದುವ ಅಭ್ಯಾಸ ನನಗಿರಲಿಲ್ಲ. ಒಂದು ಕೆಂಪು ಸಾಲು ಅಯ್ಯನವರ ಹೆಂಡತಿ ಪಾಸ್ಟರಮ್ಮನವರದು. ‘ಮಂಡಿನೋವು.’ ಉತ್ತರ ಸಿಕ್ಕಿ ನಾಲ್ಕು ವರ್ಷವಾಗಿತ್ತು. ಆ ನಾಲ್ಕು ವರ್ಷವೂ ಅವರು ಇಪ್ಪತ್ತೆರಡು ಮೆಟ್ಟಿಲುಗಳನ್ನು ಗೋಡೆಗೆ ಕೈ ಊರಿ, ಒಂದೊಂದರ ಮೇಲೂ ಎರಡು ಪಾದ ಇಟ್ಟು ಹತ್ತುವುದನ್ನು ನಾನು ನೋಡಿದ್ದೆ. ಅವರು ಕೈ ಊರುವಲ್ಲಿ ಸುಣ್ಣ ಕಪ್ಪಾಗಿತ್ತು. ಎರಡನ್ನೂ ಕಣ್ಣಾರೆ ಕಂಡಿದ್ದೆ, ಒಂದರ ಪಕ್ಕ ಒಂದನ್ನು ಇಟ್ಟು ನೋಡಿರಲಿಲ್ಲ.

ಅವರನ್ನು ಮೆಟ್ಟಿಲ ಮೇಲೆ ನಿಲ್ಲಿಸಿ ಕೇಳಿದೆ. “ಮಂಡಿ ಹೇಗಿದೆ ಅಮ್ಮ?”

“ಉತ್ತರ ಸಿಕ್ಕಿದೆಯಲ್ಲ ಸಿಸ್ಟರ್,” ಅಂದರು. ಆಮೇಲೆ ಕೆಳಗೆ ಯಾರೂ ಇಲ್ಲವೆಂದು ನೋಡಿಕೊಂಡು, “ಚಳಿಗಾಲದಲ್ಲಿ ಜಾಸ್ತಿ” ಅಂದರು.

ಮರುದಿನ ಬೆಳಗ್ಗೆ ಹೊಲಿಗೆಯವಳು ಉಪ್ಪಿಟ್ಟಿಗೆ ನೀರು ಕಾಯಿಸುತ್ತಾ ಸೀಮೆಎಣ್ಣೆ ಸ್ಟೌವಿನ ಮೇಲೆ ಬಿದ್ದಳು. ಎಡಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟಿತು. ಮಗಳು ಕೊಡ ಎತ್ತಲಾರದೆ, ಚೊಂಬಿನಲ್ಲಿ ಮೊಗೆದು ಮೊಗೆದು ನೀರು ಹಾಕಿದಳಂತೆ. ಓಣಿಯ ಡಾಕ್ಟರ ಹತ್ತಿರ ಹೋಗಿ, ಗಂಜಿ ಚೆಲ್ಲಿತು ಎಂದು ಹೇಳಿ ಪಟ್ಟಿ ಕಟ್ಟಿಸಿಕೊಂಡಿದ್ದಳು.

ನಾನು ಹೋದಾಗ ಇಲವಾಲದಿಂದ ಅವಳ ತಾಯಿ ಬಂದು ಹೊಸಿಲಿನ ಮೇಲೆ ಕೂತಿದ್ದರು. ಮಗಳು ಸಭೆ ಸೇರಿದರೂ ತಾಯಿ ತಮ್ಮ ದಾರಿ ಬಿಟ್ಟವರಲ್ಲ.

“ನೀವೇ ಏನಮ್ಮ, ಪುಸ್ತಕ ಬರ್ಯೋರು?”

“ಹೌದಮ್ಮ.”

“ಬೆಟ್ಟದ ತಾಯ್ಗೆ ಆರು ವರ್ಸ ಅರಕೆ ಒತ್ತಿದೀನಿ ಕಣಮ್ಮ, ಇವಳ್ಗೋಸ್ಕರ. ಮೆಟ್ಲು ಮೆಟ್ಲಿಗೂ ಕುಂಕುಮ ಅಚ್ಕೊಂಡು ಅತ್ತಿದೀನಿ. ವಾಸಿ ಮಾಡ್ಲಿಲ್ಲ, ಅದು ದಿಟ. ಆದ್ರೆ ಮಾತ್ರೆ ಎಸಿ ಅಂತ ಆಯಮ್ಮ ಒಂದಿನಾನೂ ಅನ್ಲಿಲ್ಲ.”

ಮಾತ್ರೆ ಬಿಡು ಎಂದು ದೇವರು ಹೇಳಲಿಲ್ಲ, ಅಯ್ಯನವರೂ ಬಾಯಿಬಿಟ್ಟು ಹೇಳಲಿಲ್ಲ. ಶಾಯಿ ಊದುತ್ತಾ ಹೇಳಿದವಳು ನಾನು.

“ತಾಯಿ ಜೊತೆ ಆಸ್ಪತ್ರೆಗೆ ಹೋಗು,” ಎಂದೆ ಹೊಲಿಗೆಯವಳಿಗೆ.

ಅವಳು ಸುಟ್ಟ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಗೋಡೆ ನೋಡುತ್ತಿದ್ದಳು. “ಎಸ್ರು ಬರದ್ರಾ ಅಕ್ಕ?” ಎಂದು ಕೇಳಿದಳು.

ಮುಂದಿನ ಶುಕ್ರವಾರ ಎಂಟಕ್ಕೆ ಬದಲು ಏಳಕ್ಕೇ ಹಾಲಿಗೆ ಹೋದೆ. ನೂರ ಎಂಬತ್ತೇಳನೇ ಸಾಲಿನ ಕೆಂಪು ಅಕ್ಷರಗಳ ಮೇಲೆ ಸ್ಕೇಲಿಟ್ಟು ನೀಲಿ ಶಾಯಿಯಲ್ಲಿ ಒಂದೇ ಗೆರೆ ಎಳೆದೆ. ಕೆಳಗಿನದು ಓದಲು ಸಿಗಬೇಕು, ಅದಕ್ಕೇ ಒಂದೇ ಗೆರೆ. ಪಕ್ಕದಲ್ಲಿ ‘ತಪ್ಪಾಗಿ ಬರೆದದ್ದು’ ಎಂದು ಬರೆದು ಸಹಿ ಹಾಕಿದೆ. ಹೊಸ ಚೀಟಿಯಲ್ಲಿ ಅವಳ ಮನವಿ ಬರೆದು ತಂತಿಗೆ ಚುಚ್ಚಿದೆ, ಹೊಸ ಸಂಖ್ಯೆ ಕೊಟ್ಟೆ. ಕಾರ್ಬನ್ ಹಳೆಯದಾಗಿ ನಾಲ್ಕನೆಯ ಪ್ರತಿ ಮಸುಕಾಗುತ್ತದೆಂದು ಹೊಸ ಹಾಳೆ ತೆಗೆದು, ಒತ್ತಿ ಒತ್ತಿ ಬರೆದೆ. ಅವಳ ಹೆಸರನ್ನು ಪಟ್ಟಿಯ ಮೊದಲಲ್ಲಿ ಇಟ್ಟೆ. ಕೊನೆಯಲ್ಲಿಟ್ಟರೆ ಅದನ್ನು ಓದುವ ಹೊತ್ತಿಗೆ ನನ್ನ ಧೈರ್ಯ ಮುಗಿದಿರುತ್ತಿತ್ತು.

ಒಂಬತ್ತಕ್ಕೆ ಜನ ಕೂತರು. ಅವಳು ಹಿಂದೆ, ಚಪ್ಪಲಿ ಬಿಡುವ ಜಾಗದ ಹತ್ತಿರ, ಪಟ್ಟಿ ಕಟ್ಟಿದ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತಿದ್ದಳು. ನಾನು ಅವಳ ಹೆಸರು ಓದಿದೆ. ಮನವಿ ಓದಿದೆ. ಆಮೇಲೆ ಹಾಳೆಯಲ್ಲಿ ಇಲ್ಲದ್ದನ್ನು ಹೇಳಿದೆ.

“ಇವಳಿಗೆ ಇನ್ನೂ ಗುಣವಾಗಿಲ್ಲ. ಉತ್ತರ ಸಿಕ್ಕಿತು ಅಂತ ನಾನು ತಪ್ಪಾಗಿ ಬರೆದೆ. ಮಾತ್ರೆ ಬೇಡ ಅನ್ನೋ ಹಾಗೆ ಮಾತಾಡಿದವಳೂ ನಾನೇ. ಇವತ್ತಿಂದ ಮಾತ್ರೆ ತಗೋತಾಳೆ. ಅವಳಿಗಾಗಿ ಪ್ರಾರ್ಥನೆ ಮಾಡಿ.”

ಕೆಳಗಿನ ಅಂಗಡಿಯಲ್ಲಿ ಯಾರೋ ಪಾತ್ರೆ ಬಡಿದು ನೋಡುತ್ತಿದ್ದ ಸದ್ದು ಕೇಳುತ್ತಿತ್ತು. ಉಳಿದ ಹೆಸರುಗಳನ್ನು ಓದಿ ಮುಗಿಸಿದೆ. ಅಯ್ಯನವರು ಕಣ್ಣು ಮುಚ್ಚಿ ಹಾಡೊಂದನ್ನು ಎತ್ತಿದರು, ಜನ ಹಾಡಿದರು. ಆಮೇಲೆ ನಾಲ್ಕು ಗುಂಪಾದರು.

ನಾನು ಗುಂಪುಗಳ ನಡುವೆ ನಿಂತು ಕೇಳಿಸಿಕೊಂಡೆ. ಒಂದನೇ ಗುಂಪು ಎರಡನೇ ಹೆಸರಿನಿಂದ ಶುರುಮಾಡಿತು. ಎರಡನೇ ಗುಂಪೂ ಹಾಗೆಯೇ. ಮೂರನೆಯದೂ. ನಾಲ್ಕನೇ ಗುಂಪಿನಲ್ಲಿ ಪಾಸ್ಟರಮ್ಮನವರು ಕುರ್ಚಿಯಲ್ಲಿ ಕೂತಿದ್ದರು, ಹಾಳೆ ಅವರ ಕೈಯಲ್ಲೇ ಇತ್ತು. ಮೊದಲ ಸಾಲಿನ ಮೇಲೆ ಬೆರಳಿಟ್ಟರು. ನನ್ನ ಕಡೆ ಒಮ್ಮೆ ನೋಡಿದರು. ಬೆರಳು ಕೆಳಗಿನ ಸಾಲಿಗೆ ಸರಿಯಿತು.

ಆ ಹಾಲಿನಲ್ಲಿ ಒಂಬತ್ತು ವರ್ಷ ಚಾಪೆ ಹಾಸಿದ್ದೆ. ಅಲ್ಲಿದ್ದವರಲ್ಲಿ ಅರ್ಧ ಜನರ ಬಾಣಂತನಕ್ಕೆ, ಸಾವಿಗೆ ಹೋಗಿದ್ದೆ. ಒಂದು ಹೆಸರನ್ನು ಬಾಯಲ್ಲಿ ಹೇಳುವುದು ಅವರಿಗೆ ಅಷ್ಟು ಕಷ್ಟವಾಗಬಹುದೆಂದು ಎಣಿಸಿರಲಿಲ್ಲ.

ಅಯ್ಯನವರು ಬಳಿಗೆ ಬಂದು ಮೆಲ್ಲಗೆ, “ಬೀಗದ ಕೈ, ರಿಜಿಸ್ಟರು ಮೇಜಿನ ಮೇಲಿಟ್ಟು ಹೋಗಿಬಿಡಿ ಅಮ್ಮ. ನಿಮಗೋಸ್ಕರ ನಾವು ಪ್ರಾರ್ಥನೆ ಮಾಡ್ತೀವಿ” ಅಂದರು.

“ಯಾವ ಸಂಖ್ಯೆಯಲ್ಲಿ ಅಯ್ಯನವರೇ?” ಅಂದೆ. ಅವರ ಮುಖ ಬಾಡಿತು. ಹಾಗೆ ಹೇಳಬಾರದಿತ್ತು. ಹೇಳಿದ್ದಕ್ಕೆ ಪಶ್ಚಾತ್ತಾಪವೂ ಆಗಿಲ್ಲ.

ಬಾಗಿಲಲ್ಲಿ ಅವಳು ಎದ್ದು ನಿಂತಿದ್ದಳು. “ಯಾರೂ ಮಾಡ್ಲಿಲ್ಲ ಅಲ್ವಾ ಅಕ್ಕ?” ಅಂದಳು.

“ಇಲ್ಲ. ಆದರೆ ಓದಿದ್ದೀನಿ. ಎಲ್ಲರೂ ಕೇಳಿಸ್ಕೊಂಡಿದಾರೆ. ನೀನು ಮಾತು ಕೊಟ್ಟಿದ್ದೀಯ.”

ಅವಳು ಪಟ್ಟಿ ಕಟ್ಟಿದ ಕೈಯನ್ನು ಸೆರಗಿನಿಂದ ಹೊರಗೆ ತೆಗೆದಳು. “ಊ, ಕೊಟ್ಟಿದ್ದೆ,” ಎಂದು ಚಪ್ಪಲಿ ಮೆಟ್ಟಿಕೊಂಡಳು.

ದೊಡ್ಡಾಸ್ಪತ್ರೆಗೆ ಆಟೋದಲ್ಲಿ ಹೋದೆವು. ಹಳೆಯ ಚೀಟಿ ಕಳೆದಿದ್ದರಿಂದ ಹೊಸ ಚೀಟಿ ಮಾಡಿಸಬೇಕಾಯಿತು. ಬೆಂಚಿನ ಮೇಲೆ ಒಂದೂವರೆ ಗಂಟೆ ಕಾದೆವು. ಔಷಧಿಯ ಕಿಟಕಿ ಒಂದಕ್ಕೆ ಮುಚ್ಚುತ್ತದೆಂದು ನಾನು ಗಡಿಯಾರ ನೋಡುತ್ತಲೇ ಇದ್ದೆ. ಡಾಕ್ಟರು ಕೈಯ ಪಟ್ಟಿ ಬಿಚ್ಚಿಸಿ ನೋಡಿದರು. ಗಂಜಿ ಎಂದು ಅವಳು ಹೇಳಹೊರಟಳು, ಅವರು ನಂಬಲಿಲ್ಲ.

“ಮಾತ್ರೆ ನಿಲ್ಲಿಸು ಅಂದೋರು ಯಾರಮ್ಮ?”

“ನಾನೇ ಮರ್ತ್ಬುಟ್ಟೆ ಸಾರ್,” ಅಂದಳು ಅವಳು.

“ಇಲ್ಲ ಡಾಕ್ಟರೇ, ನಾನು ಹೇಳಿದ್ದು,” ಅಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನೀವು ಏನು ಓದಿದೀರಿ?”

“ಎಸ್ಸೆಸ್ಸೆಲ್ಸಿ.”

ಅವರು ಬರೆಯತೊಡಗಿದರು. ಹಳೆಯ ಮಾತ್ರೆಯೇ. ಇವತ್ತೇ ಶುರುಮಾಡಬೇಕು, ಊಟದ ಮೇಲೆ. ಮೊದಲ ದಿನಗಳಲ್ಲಿ ತುಂಬ ನಿದ್ದೆ ಬರುತ್ತದೆ, ಒಬ್ಬಳೇ ಇರಬಾರದು, ಒಲೆಯ ಹತ್ತಿರ ಹೋಗಬಾರದು. ಒಂದಕ್ಕೆ ಹತ್ತು ನಿಮಿಷವಿದ್ದಾಗ ಕಿಟಕಿಯಲ್ಲಿ ಮಾತ್ರೆ ಸಿಕ್ಕಿತು. ಅವಳ ತಾಯಿಗೆ ಸಂಜೆ ಬರಲು, ಮಗಳಿಗೆ ಸ್ಕೂಲಿನಿಂದ ನೇರ ನನ್ನಲ್ಲಿಗೆ ಬರಲು ಹೇಳಿಕಳಿಸಿ, ಅವಳನ್ನು ನಮ್ಮ ಮನೆಗೇ ಕರೆದುಕೊಂಡು ಹೋದೆ.

ಮನೆಯಲ್ಲಿ ಕುಕ್ಕರಿಗೆ ಅಕ್ಕಿ ಇಟ್ಟು, ಬೇಳೆಸಾರು ಮಾಡಿ, ನಾಲ್ಕು ಹಪ್ಪಳ ಸುಟ್ಟೆ. ಇಬ್ಬರೂ ಬೆಳಗಿನಿಂದ ಉಪವಾಸ. ಊಟಕ್ಕೆ ಮೊದಲು ಪ್ರಾರ್ಥಿಸುವುದು ನಮ್ಮ ಮನೆಯ ರೂಢಿ. ತಟ್ಟೆಯ ಮುಂದೆ ಕೂತೆ, ಬಾಯಿ ತೆರೆಯಲು ಆಗಲಿಲ್ಲ. ಅವಳು ಸ್ವಲ್ಪ ಕಾದು, ತಾನೇ ಕಣ್ಣು ಮುಚ್ಚಿದಳು. ಅನ್ನಕ್ಕೆ ಸ್ತೋತ್ರ ಹೇಳಿದಳು. ಮಗಳನ್ನು ಕಾಪಾಡು ಅಂದಳು, ಅಕ್ಕನ್ನ ಕಾಪಾಡು ಅಂದಳು, ಅಯ್ಯನವರನ್ನೂ ಕಾಪಾಡು ಅಂದಳು. ತನ್ನ ಹೆಸರು ಹೇಳಿಕೊಳ್ಳಲಿಲ್ಲ. ನಾನೂ ಅದನ್ನು ಸೇರಿಸಲಿಲ್ಲ. ನನ್ನ ಕೈ ಅನ್ನದ ಮೇಲೆಯೇ ಇತ್ತು, ಅದು ತಣ್ಣಗಾಗುತ್ತಿತ್ತು.

ಎರಡು ಸಲ ಅನ್ನ ಹಾಕಿಸಿಕೊಂಡಳು. ಮಾತ್ರೆ ನುಂಗಿ ನೀರು ಕುಡಿದು, ಬಾಯಿ ತೆರೆದು ಮಕ್ಕಳ ಹಾಗೆ ನನಗೆ ತೋರಿಸಿದಳು. ಚಾಪೆ ಹಾಸಿಕೊಟ್ಟೆ. ಮಾತಾಡುತ್ತಿದ್ದವಳು ಮಾತಿನ ನಡುವೆಯೇ ನಿದ್ದೆ ಹೋದಳು.

ನಾಲ್ಕೂವರೆಗೆ ಅವಳ ಮಗಳು ಸ್ಕೂಲಿನಿಂದ ಬಂದು, ನೆಲದ ಮೇಲೆ ಮಲಗಿದ್ದ ತಾಯಿಯನ್ನು ಕಂಡು ಬಾಗಿಲಲ್ಲೇ ನಿಂತಳು. ಬ್ಯಾಗು ಇಳಿಸಲಿಲ್ಲ.

“ಬಂತಾ ಆಂಟಿ?”

“ಇಲ್ಲ ಕಣಮ್ಮ. ಇದು ಬರೀ ನಿದ್ದೆ.”

ನಂಬದೆ, ಹತ್ತಿರ ಹೋಗಿ ತಾಯಿಯ ಮೂಗಿನ ಮುಂದೆ ಕೈ ಹಿಡಿದು ನೋಡಿದಳು. ಉಳಿದಿದ್ದ ಅನ್ನಕ್ಕೆ ಸಾರು ಕಲಸಿ, ಕೊನೆಯ ಹಪ್ಪಳ ಇಟ್ಟು ಕೊಟ್ಟೆ. ತಾಯಿಯನ್ನು ನೋಡುತ್ತಲೇ ಉಂಡಳು. ಕೈ ತೊಳೆದು ಬಂದು, ಸುಟ್ಟ ಕೈ ಇಲ್ಲದ ಬದಿಯಲ್ಲಿ ಒರಗಿ, ಅವಳೂ ಮಲಗಿದಳು. ನಾನು ಎಚ್ಚರವಾಗಿಯೇ ಕೂತಿದ್ದೆ.